ಹಲಗೆ ಗಿಟಾರ್ ಮಾಡಿದ ಲಿಯೋ ಫೆಂಡರ್



ಜಾತ್ರೆಯ ಆರ್ಕೆಸ್ಟ್ರಾದಲ್ಲಿ ಹೆಗಲಿಗೆ ಪಟ್ಟಿ ಹಾಕಿಕೊಂಡು ಒಬ್ಬರು ತೆಳ್ಳನೆಯ ಗಿಟಾರ್ ನುಡಿಸುತ್ತಾರಲ್ಲ, ಅದನ್ನು ನೀವೆಲ್ಲ ನೋಡೇ ಇರ್ತೀರಿ. ಅದರ ಹೊಟ್ಟೆ ಟೊಳ್ಳಲ್ಲ, ಗಟ್ಟಿ ಹಲಗೆ. ಕರೆಂಟು ಹೋದರೆ ಅದರ ಸದ್ದು ಮುಂದಿನ ಸಾಲಿಗೂ ಸರಿಯಾಗಿ ಕೇಳೋದಿಲ್ಲ. ಇಂಥ ಗಿಟಾರನ್ನು ಕಾರ್ಖಾನೆಯಲ್ಲಿ ತಯಾರಿಸಿ ಜಗತ್ತಿಗೆಲ್ಲ ಮುಟ್ಟಿಸಿದವರು ಲಿಯೋ ಫೆಂಡರ್. ಅವರಿಗೆ ಗಿಟಾರ್ ನುಡಿಸೋಕೆ ಬರ್ತಿರಲಿಲ್ಲ. ತಂತಿಗಳ ಶ್ರುತಿ ಮಾಡೋಕೂ ಬರ್ತಿರಲಿಲ್ಲ. ತಮಾಷೆಗೆ ಹೇಳ್ತಿಲ್ಲ, ಇದು ನಿಜ.

ಇವರು 1909ನೇ ಇಸವಿ ಆಗಸ್ಟ್ 10ರಂದು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ, ಫುಲ್ಲರ್ಟನ್ ಊರಿನ ಹತ್ತಿರ ಜನಿಸಿದರು. ತಂದೆ ತಾಯಿ ಕಿತ್ತಳೆ ತೋಟದ ರೈತರು. ಎಂಟು ವರ್ಷದ ಹುಡುಗನಾಗಿದ್ದಾಗಲೇ ಪಾಪ, ಒಂದು ಕಣ್ಣು ಹೋಯಿತು. ಅಲ್ಲಿಂದ ಮುಂದೆ ಜೀವನಪೂರ್ತಿ ಒಂದು ಗಾಜಿನ ಕಣ್ಣು. ಹದಿಮೂರರ ಹೊತ್ತಿಗೆ, 1922ರಲ್ಲಿ, ಮೋಟಾರು ಗಾಡಿಗಳ ಎಲೆಕ್ಟ್ರಿಕ್ ರಿಪೇರಿ ಅಂಗಡಿ ಇಟ್ಟಿದ್ದ ಅವರ ಮಾವ ಒಂದು ಪೆಟ್ಟಿಗೆ ತುಂಬ ಹಳೆ ಸಾಮಾನು, ಒಂದು ಬ್ಯಾಟರಿ ಕಳಿಸಿಕೊಟ್ಟರು. ಮರುವರ್ಷ ಆ ಅಂಗಡಿಗೇ ಹೋಗಿ, ಮಾವ ಕೈಯಿಂದ ಮಾಡಿದ್ದ ರೇಡಿಯೋದ ದೊಡ್ಡ ಸದ್ದು ಕೇಳಿದರು. ಆಮೇಲೆ ರೇಡಿಯೋ ಹುಚ್ಚು ಬಿಡಲೇ ಇಲ್ಲ.

ಆದರೂ ಕಾಲೇಜಿನಲ್ಲಿ ಓದಿದ್ದು ಲೆಕ್ಕಪತ್ರ! ವಿದ್ಯುತ್ ಶಾಸ್ತ್ರದ ಪಾಠ ಯಾರೂ ಹೇಳಿಕೊಡಲಿಲ್ಲ. ಲೆಕ್ಕದ ಗುಮಾಸ್ತರಾಗಿ ಕೆಲಸಕ್ಕೆ ಸೇರಿದರು. ಆಗ ಅಮೆರಿಕದಲ್ಲಿ ಆರ್ಥಿಕ ಕುಸಿತದ ಕಾಲ, ಒಂದು ಕೆಲಸ ಹೋಯಿತು, ಇನ್ನೊಂದು ಸಿಕ್ಕಿತು, ಅದೂ ಹೋಯಿತು. 1938ರಲ್ಲಿ 600 ಡಾಲರ್ ಸಾಲ ಮಾಡಿ ಫುಲ್ಲರ್ಟನ್‌ನಲ್ಲಿ ರೇಡಿಯೋ ರಿಪೇರಿ ಅಂಗಡಿ ತೆರೆದರು. ಕೆಲಸ ಹೋಗದೇ ಇದ್ದಿದ್ದರೆ ಲೆಕ್ಕ ಬರೆದುಕೊಂಡೇ ಇರ್ತಿದ್ದರೋ ಏನೋ.

ಆ ಅಂಗಡಿಗೆ ಸಂಗೀತಗಾರರು ಕೆಟ್ಟುಹೋದ ಆಂಪ್ಲಿಫೈಯರ್, ಮೈಕು, ಗಿಟಾರ್ ತರ್ತಿದ್ದರು. ಯಾವ ಜೋಡಣೆ ಮೊದಲು ಕೀಳುತ್ತೆ, ಯಾವ ಭಾಗ ಬೇಗ ಸವೆಯುತ್ತೆ ಅನ್ನೋದನ್ನು ಫೆಂಡರ್ ಕಲಿತದ್ದು ಹೀಗೆ. ಟೊಳ್ಳು ಗಿಟಾರಿಗೆ ಪಿಕಪ್ ಹಚ್ಚಿ ಜೋರಾಗಿ ಸದ್ದು ಏರಿಸಿದರೆ ಕುಂಯ್ ಅಂತ ಕೂಗುತ್ತಿತ್ತು. ಶಾಲಾ ವಾರ್ಷಿಕೋತ್ಸವದಲ್ಲಿ ಮೈಕು ಕೂಗುತ್ತಲ್ಲ, ಹಾಗೇನೇ. ಸ್ಪೀಕರಿನ ಸದ್ದು ಗಿಟಾರಿನ ತೆಳು ಹೊಟ್ಟೆಯನ್ನು ನಡುಗಿಸುತ್ತೆ, ಆ ನಡುಕ ತಿರುಗಿ ತಂತಿಗೆ, ಪಿಕಪ್ಪಿಗೆ, ಮತ್ತೆ ಸ್ಪೀಕರಿಗೆ ಹೋಗುತ್ತೆ. ಹೊಟ್ಟೆಯೇ ಇಲ್ಲದಿದ್ದರೆ? ಗಟ್ಟಿ ಮರ ಅಷ್ಟು ಸುಲಭವಾಗಿ ನಡುಗೋದಿಲ್ಲ. ಡಾಕ್ ಕಾಫ್ಮನ್ ಎಂಬ ಗೆಳೆಯರ ಜೊತೆ ಯುದ್ಧದ ವರ್ಷಗಳಲ್ಲೇ ಅಂಥ ಒಂದು ಗಿಟಾರ್ ಮಾಡಿ ಸಂಗೀತಗಾರರಿಗೆ ಬಾಡಿಗೆಗೆ ಕೊಟ್ಟು ನೋಡಿದರು. ಗಟ್ಟಿ ಮರದ ಗಿಟಾರನ್ನು ಇವರಿಗಿಂತ ಮೊದಲೂ ಕೆಲವರು ಒಂದೆರಡು ಮಾಡಿದ್ದರು, ಅದನ್ನೂ ಹೇಳಬೇಕು. ಆದರೆ ನೂರಾರು ಸಂಖ್ಯೆಯಲ್ಲಿ ಮಾಡೋ ದಾರಿ ಹುಡುಕಿದವರು ಇವರೇ.

1950ರಲ್ಲಿ ಅದು ಹೊರಬಂತು. ಒಡಲು ಅಂದರೆ ಆಶ್ ಮರದ ಚಪ್ಪಟೆ ಹಲಗೆ, ಅಷ್ಟೇ. ಕುತ್ತಿಗೆ ಮೇಪಲ್ ಮರದ್ದು. ಹಿಂದಿನ ಕಾಲದ ಕುಶಲಕರ್ಮಿಗಳು ಕುತ್ತಿಗೆಯನ್ನು ಗೋಂದು ಹಾಕಿ ಅಂಟಿಸುತ್ತಿದ್ದರು. ಇವರು ನಾಲ್ಕು ಸ್ಕ್ರೂ ಹಾಕಿ ಬಿಗಿದರು. ಕುತ್ತಿಗೆ ಹಾಳಾದರೆ ಸೈಕಲ್ ಚಕ್ರ ಬದಲಾಯಿಸಿದ ಹಾಗೆ ಬೇರೆ ಹಾಕಿಕೊಳ್ಳಬಹುದು. ಬಿರಡೆಗಳು ಆರೂ ಒಂದೇ ಕಡೆಗೆ ಸಾಲಾಗಿ, ಹೀಗಾಗಿ ತಂತಿ ನೇರವಾಗಿ ಓಡುತ್ತೆ. ಪಿಕಪ್ ಅಂದರೆ ಪ್ರತಿ ತಂತಿಯ ಕೆಳಗೂ ಒಂದು ಪುಟ್ಟ ಅಯಸ್ಕಾಂತ, ಸುತ್ತಲೂ ಕೂದಲಷ್ಟು ಸಣ್ಣ ತಾಮ್ರದ ತಂತಿಯ ಸಾವಿರಾರು ಸುತ್ತು. ಮೇಲಿನ ಉಕ್ಕಿನ ತಂತಿ ಅದುರಿದಾಗ ತಾಮ್ರದಲ್ಲಿ ಸಣ್ಣ ಕರೆಂಟು ಹುಟ್ಟುತ್ತೆ. ವಿಜ್ಞಾನ ಪಾಠದಲ್ಲಿ ಬರೋ ಫ್ಯಾರಡೆಯ ನಿಯಮವೇ ಇದು, ಬೇರೇನಲ್ಲ.

ಬೇರೆ ಕಂಪನಿಯವರು ನಕ್ಕರು. ದೋಣಿಯ ಹುಟ್ಟು, ಹಿಮ ಎತ್ತೋ ಸಲಿಕೆ ಅಂತೆಲ್ಲ ಆಡಿಕೊಂಡರು. ತಪ್ಪುಗಳೂ ಆದವು. ಮೊದಮೊದಲ ಗಿಟಾರುಗಳ ಕುತ್ತಿಗೆಯೊಳಗೆ ಕಬ್ಬಿಣದ ಸಲಾಕೆ ಇರಲಿಲ್ಲ, ತಂತಿಯ ಎಳೆತಕ್ಕೆ ಬಾಗಿದವು. ಅದೇ ವರ್ಷ ಸಲಾಕೆ ಸೇರಿಸಿದರು. ಬ್ರಾಡ್‌ಕಾಸ್ಟರ್ ಅಂತ ಹೆಸರಿಟ್ಟರೆ, ಗ್ರೆಚ್ ಕಂಪನಿಯವರು ತಮ್ಮ ಡ್ರಮ್ಮಿಗೆ ಆ ಹೆಸರು ಮೊದಲೇ ಇದೆ ಅಂದರು. 1951ರಲ್ಲಿ ಕೆಲವು ತಿಂಗಳು, ಚೀಟಿಯಲ್ಲಿದ್ದ ಆ ಹೆಸರನ್ನೇ ಕತ್ತರಿಸಿ ಹೆಸರಿಲ್ಲದೇ ಮಾರಿದರು! ಆಮೇಲೆ ಹೊಸದಾಗಿ ಬಂದಿದ್ದ ಟೆಲಿವಿಷನ್ ನೆನಪಿಗೆ ಟೆಲಿಕಾಸ್ಟರ್ ಎಂದಾಯಿತು. ಅದೇ ವರ್ಷ ಆಳೆತ್ತರದ ಬೇಸ್ ವಾದ್ಯವನ್ನು ಗಿಟಾರಿನಂತೆ ಹೆಗಲಿಗೆ ಹಾಕಿಕೊಳ್ಳೋ ಹಾಗೆ ಮಾಡಿದರು.

ನುಡಿಸೋಕೆ ಬಾರದ್ದರಿಂದ ಫೆಂಡರ್ ಎಲ್ಲದಕ್ಕೂ ನುಡಿಸುವವರನ್ನೇ ಕೇಳ್ತಿದ್ದರು. ಹಲಗೆಯ ಅಂಚು ಪಕ್ಕೆಗೆ ಒತ್ತುತ್ತೆ ಅಂತ ಅವರು ದೂರಿದರು. 1954ರ ಸ್ಟ್ರಾಟೋಕಾಸ್ಟರಿನಲ್ಲಿ ಮೈಗೆ ಕೂರುವಂತೆ ಅಂಚುಗಳನ್ನು ಕೆತ್ತಿ ನುಣುಪು ಮಾಡಲಾಯಿತು. ಮೂರು ಪಿಕಪ್ಪು, ಸ್ವರ ಬಾಗಿಸೋ ಒಂದು ಸಣ್ಣ ಹಿಡಿ ಬೇರೆ. ಬರುವವರಾಗಿದ್ದರೆ ತಮ್ಮ ಕೈಗೆ ಒಗ್ಗಿದ್ದೇ ಸರಿ ಅಂತಿದ್ದರು ಅಂತ ನನಗನ್ನಿಸುತ್ತೆ. 1969ರಲ್ಲಿ ವುಡ್‌ಸ್ಟಾಕ್ ಮೇಳದಲ್ಲಿ ಎಡಗೈಯ ಜಿಮಿ ಹೆಂಡ್ರಿಕ್ಸ್ ಇದನ್ನೇ ತಿರುಗಿಸಿ ಹಿಡಿದು ನುಡಿಸಿದ್ದು. ಫೆಂಡರ್ ಅವರಿಗೆ ಇಷ್ಟವಾಗಿದ್ದು ಮಾತ್ರ ಹಳ್ಳಿಗಾಡಿನ ಕಂಟ್ರಿ ಸಂಗೀತ.

ಅಷ್ಟರಲ್ಲಿ ಕಂಪನಿ ಅವರದ್ದಾಗಿ ಉಳಿದಿರಲಿಲ್ಲ. ಮೂಗಿನ ಒಳಗಿನ ಸೋಂಕು ವರ್ಷಗಟ್ಟಲೆ ವಾಸಿಯಾಗದೆ, ತಾನಿನ್ನು ಹೆಚ್ಚು ದಿನ ಬದುಕೋದಿಲ್ಲ ಅಂದುಕೊಂಡು 1965ರಲ್ಲಿ ಎಲ್ಲವನ್ನೂ ಸಿಬಿಎಸ್ ಸಂಸ್ಥೆಗೆ ಮಾರಿಬಿಟ್ಟರು. ಬಂದದ್ದು 1 ಕೋಟಿ 30 ಲಕ್ಷ ಡಾಲರ್. ಆಮೇಲೆ ನೋಡಿ, ಇನ್ನೊಬ್ಬ ವೈದ್ಯರ ಔಷಧದಿಂದ ಕಾಯಿಲೆ ವಾಸಿಯಾಯಿತು! ಮನುಷ್ಯ ಗಟ್ಟಿಯಾಗಿದ್ದರು, ಕೈಯಲ್ಲಿ ದುಡ್ಡಿತ್ತು, ಆದರೆ ತಾವು ಮಾಡಿದ ಗಿಟಾರಿಗೆ ತಮ್ಮದೇ ಮನೆತನದ ಹೆಸರು ಹಾಕೋ ಹಾಗಿರಲಿಲ್ಲ. ಅದು ಸಿಬಿಎಸ್‌ನ ಸ್ವತ್ತು. ಮಾರುವ ಮುಂಚಿನ ಹಳೆಯ ಗಿಟಾರುಗಳಿಗೆ ಸಂಗ್ರಹಕಾರರು ಮುಂದೆ ಮುಗಿಬಿದ್ದರು.

ಸುಮ್ಮನೆ ಕೂರಲಿಲ್ಲ. ಮ್ಯೂಸಿಕ್ ಮ್ಯಾನ್ ಕಂಪನಿಗೆ 1976ರಲ್ಲಿ ಸ್ಟಿಂಗ್‌ರೇ ಎಂಬ ಬೇಸ್ ಮಾಡಿಕೊಟ್ಟರು. 1980ರ ಹೊತ್ತಿಗೆ ಹಳೆಯ ಜೊತೆಗಾರ ಜಾರ್ಜ್ ಫುಲ್ಲರ್ಟನ್ ಅವರ ಜೊತೆ ಜಿ ಅಂಡ್ ಎಲ್ ಎಂಬ ಕಾರ್ಖಾನೆ ತೆರೆದರು. ಜಿ ಅಂದರೆ ಜಾರ್ಜ್, ಎಲ್ ಅಂದರೆ ಲಿಯೋ. ಹೆಸರಿನ ಒಂದಕ್ಷರವಾದರೂ ಗಿಟಾರಿನ ಮೇಲೆ ಬಂತು. ಕೊನೆಗಾಲದಲ್ಲಿ ಪಾರ್ಕಿನ್ಸನ್ ಕಾಯಿಲೆ ಬಂತು. ಆದರೂ ದಿನಾ ಕಾರ್ಖಾನೆಗೆ ಹೋಗಿ ತಮ್ಮ ಮೇಜಿನ ಮುಂದೆ ಕೂರ್ತಿದ್ದರು. ಹಿಂದಿನ ದಿನವೂ ಕೆಲಸಕ್ಕೆ ಹೋಗಿಬಂದಿದ್ದ ಲಿಯೋ ಫೆಂಡರ್ 1991ರ ಮಾರ್ಚ್ 21ರಂದು ಫುಲ್ಲರ್ಟನ್‌ನಲ್ಲಿ ತೀರಿಕೊಂಡರು. ಆಗ ಅವರಿಗೆ 81 ವರ್ಷ.