ವಿಶ್ವೇಶ್ವರಯ್ಯನವರೂ ಗಂಧದ ಸಾಬೂನೂ

ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರೆತ್ತಿದೊಡನೆ ಪುಣೆಯ ಕನ್ನಡಿಗರಾದ ನಾವು ಕನ್ನಂಬಾಡಿಯನ್ನೋ, ಇಲ್ಲಿಯೇ ಇರುವ ಖಡಕವಾಸ್ಲವನ್ನೋ ನೆನೆಯುತ್ತೇವೆ. ನಮ್ಮ ಬಚ್ಚಲುಮನೆಯ ಗೂಡಿನಲ್ಲಿರುವ ಗಂಧದ ಸಾಬೂನಿಗೂ ಅವರು ಕಾರಣರೆಂಬುದು ನೆನಪಾಗುವುದು ಕಡಮೆ.

ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಅವರು ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನಲ್ಲಿ ಮನೆಪಾಠ ಹೇಳುತ್ತ ಓದಿ 1881ರಲ್ಲಿ ಬಿ.ಎ. ಮುಗಿಸಿದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಅವರನ್ನು ಪುಣೆಯ ವಿಜ್ಞಾನ ಕಾಲೇಜಿಗೆ ತಂದಿತು. 1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾದರು. ಮುಂಬಯಿ ಸರ್ಕಾರದ ನೌಕರಿಯಲ್ಲಿದ್ದಾಗ, 1903ರಲ್ಲಿ ಖಡಕವಾಸ್ಲಕ್ಕೆ ತಾವಾಗಿ ತೆರೆದು ಮುಚ್ಚುವ ಬಾಗಿಲುಗಳನ್ನಿರಿಸಿ, ಕಟ್ಟೆಯನ್ನು ಎತ್ತರಿಸದೆಯೇ ಹೆಚ್ಚು ನೀರು ನಿಲ್ಲಿಸಿದರು.

1912ರಲ್ಲಿ ಮೈಸೂರಿನ ದಿವಾನರಾದರು. ಆಗ ನಮ್ಮ ಶ್ರೀಗಂಧ ಕೊರಡಾಗಿಯೇ ಹಡಗೇರಿ ಯುರೋಪಿಗೆ ಹೋಗುತ್ತಿತ್ತು. ಮರ ನಮ್ಮದು, ಎಣ್ಣೆ ತೆಗೆದ ಲಾಭ ಅವರದು! 1914ರ ಮಹಾಯುದ್ಧದಿಂದ ಆ ದಾರಿ ಮುಚ್ಚಿ ಕೊರಡುಗಳು ಇಲ್ಲಿಯೇ ರಾಶಿಬಿದ್ದವು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ದಿವಾನರು 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆಯನ್ನು ತೆರೆಸಿದರು. ಸಾಬೂನಿನ ವಿದ್ಯೆ ಕಲಿಯಲು ಸೋಸಲೆ ಗರಳಪುರಿ ಶಾಸ್ತ್ರಿಗಳನ್ನು ಇಂಗ್ಲೆಂಡಿಗೆ ಕಳುಹಿಸಿದರು.

ಕಡಲೆಹಿಟ್ಟು, ಸೀಗೆಕಾಯಿಗಳಲ್ಲಿ ಮೀಯುತ್ತಿದ್ದ ಮನೆಗಳಿಗೆ ಪರಿಮಳದ ಸಾಬೂನೆಂದರೆ ಭೋಗದ ವಸ್ತು. ಶಾಸ್ತ್ರಿಗಳು ಅದನ್ನು ಮಾಡಿದ ಬಗೆಯನ್ನು ನೋಡಬೇಕು. ಉಳಿದ ಸಾಬೂನುಗಳು ಇಟ್ಟಿಗೆಯಂತೆ ಚೌಕಾಕಾರವಾಗಿದ್ದರೆ, ಇದು ಅಂಡಾಕಾರ. ಮೂಲೆಗಳಿಲ್ಲದೆ ಅಂಗೈಗೆ ಹೊಂದುತ್ತದೆ. ಪೆಟ್ಟಿಗೆಯೋ, ಹೂಬಳ್ಳಿ ಅಚ್ಚಾದ ಒಡವೆ ಪೆಟ್ಟಿಗೆಯ ಹಾಗೆ! ಸಿಂಹದ ಒಡಲು, ಆನೆಯ ತಲೆಯ ಶರಭ ಅದರ ಲಾಂಛನವಾಯಿತು. ದಿನವೂ ಕರಗಿಹೋಗುವ ವಸ್ತುವಿಗೆ ಇಷ್ಟು ಆದರವೇಕೆ ಎನ್ನುವವರುಂಟು. ಕರಗುವುದಾದರೂ ಕೈಗೆ ಹತ್ತುವುದು ದಿನವೂ ಅದೇ ತಾನೆ? ಅಚ್ಚುಕಟ್ಟಿಗೆ ಹೆಸರಾದ ದಿವಾನರಿಗೆ ಇದು ಮೆಚ್ಚಿಗೆಯಾಗಿದ್ದಿರಬೇಕೆಂದು ನಮ್ಮ ಊಹೆ.

ಸಾಬೂನು ಬಂದದ್ದು 1918ರಲ್ಲಿ. ಆ ವರ್ಷದ ಕೊನೆಗೆ ಅವರು ದಿವಾನಗಿರಿಯನ್ನು ಬಿಟ್ಟರು. ಕಾರ್ಖಾನೆ ಉಳಿಯಿತು. ಊರಿನಿಂದ ಬರುವ ನಂಟರು ಹುರಿಗಾಳು, ಚಕ್ಕುಲಿಗಳೊಡನೆ ಎರಡು ಬಿಲ್ಲೆ ತಂದರೆ ನಮ್ಮ ಮನೆಗಳಲ್ಲಿ ಒಂದನ್ನು ಒಡನೆ ಬಳಸುವುದಿಲ್ಲ. ರೇಷ್ಮೆ ಸೀರೆಗಳ ನಡುವೆ ಇಡುತ್ತಾರೆ. ಖಾಲಿ ಪೆಟ್ಟಿಗೆಯನ್ನೂ ಎಸೆಯುವುದಿಲ್ಲ. ಮಕ್ಕಳಿಗೆ ಅದರ ಶರಭವನ್ನು ತೋರಿಸುವಾಗ, ಇದನ್ನು ಮಾಡಿಸಿದವರು ಇದೇ ಊರಿನಲ್ಲಿ ಓದಿದರೆಂದು ಹೇಳಬಹುದು.

1955ರಲ್ಲಿ ಭಾರತರತ್ನ ಪ್ರಶಸ್ತಿ ಅವರಿಗೆ ಸಂದಿತು. 1962ರ ಏಪ್ರಿಲ್ ತಿಂಗಳಲ್ಲಿ, ನೂರು ದಾಟಿದ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ತೀರಿಕೊಂಡರು.