ಸಂಪಿಗೆಯ ಶ್ರೀಕಂಠಯ್ಯನವರ ಅಧ್ಯಾಪನ

ಮಾಯಸಂದ್ರದ ಸೀಮೆಯವರಿಗೆ ಸಂಪಿಗೆ ಪರವೂರಲ್ಲ. ತುರುವೇಕೆರೆ ತಾಲ್ಲೂಕಿನ ಆ ಗ್ರಾಮದಲ್ಲಿ 1884ರ ಜನವರಿ 3ರಂದು ಬೆಳ್ಳೂರು ಮೈಲಾರಯ್ಯ ಶ್ರೀಕಂಠಯ್ಯನವರು ಜನಿಸಿದರು. ತಂದೆಯವರು ಶ್ರೀರಂಗಪಟ್ಟಣದಲ್ಲಿ ವಕೀಲರಾಗಿದ್ದುದರಿಂದ ಬಾಲ್ಯದ ವಿದ್ಯಾಭ್ಯಾಸ ಅಲ್ಲಿ ನಡೆಯಿತು. ಬೆಂಗಳೂರಿನಲ್ಲಿ ಬಿ.ಎ., ಮದರಾಸಿನಲ್ಲಿ ಬಿ.ಎಲ್. ಮತ್ತು ಎಂ.ಎ. ಮುಗಿಸಿ, 1909ರಲ್ಲಿ ಅವರು ಮೈಸೂರಿನ ಮಹಾರಾಜ ಕಾಲೇಜಿಗೆ ಇಂಗ್ಲಿಷ್ ಅಧ್ಯಾಪಕರಾಗಿ ಬಂದರು. ತಂದೆಯವರ ವೃತ್ತಿಯನ್ನೇ ಹಿಡಿದಿದ್ದರೆ ಸಂಪಾದನೆ ಹೆಚ್ಚುತ್ತಿತ್ತೇನೋ. ಕನ್ನಡಕ್ಕೆ ಮಾತ್ರ ತುಂಬಲಾರದ ನಷ್ಟವಾಗುತ್ತಿತ್ತು.

ಅವರ ಪದವಿಗಳಲ್ಲಿ ಇಂಗ್ಲಿಷ್ ಇತ್ತು, ಕಾನೂನು ಇತ್ತು. ಮುಂದೆ ಅವರಿಗೆ ಕೀರ್ತಿ ತಂದ ಕನ್ನಡ ವಿದ್ವತ್ತಾದರೋ ಯಾವ ಪದವಿಯಿಂದಲೂ ಬಂದುದಲ್ಲ. ಇಂಗ್ಲಿಷಿನಲ್ಲಿ ಬರೆಯುವುದೇ ಪ್ರತಿಷ್ಠೆಯೆನಿಸಿದ್ದ ಆ ದಿನಗಳಲ್ಲಿ ಮುಂದೆ ಕುಳಿತ ಹುಡುಗರು ಕನ್ನಡದ ಮನೆಗಳಿಂದ ಬಂದವರು. ಪಾಠ ಪರೀಕ್ಷೆಗೆ ದಕ್ಕಿದರೂ ಹೃದಯಕ್ಕೆ ಇಳಿಯಬೇಕಾದರೆ ಅವರ ನುಡಿಯಲ್ಲೇ ಹಾದಿ ಹುಡುಕಬೇಕೆಂಬುದು ಯಾವ ತರಬೇತಿಯೂ ಕಲಿಸದ ಪಾಠ. ಅದನ್ನು ಶ್ರೀಯವರು ತಾವಾಗಿಯೇ ಕಲಿತರು. ಕೆಲಸಕ್ಕೆ ಸೇರಿ ಎರಡೇ ವರ್ಷಕ್ಕೆ, 1911ರಲ್ಲಿ, ಧಾರವಾಡದಲ್ಲಿ ಕನ್ನಡ ತಲೆಯೆತ್ತುವ ಬಗೆಯನ್ನು ಕುರಿತು ಉಪನ್ಯಾಸ ಮಾಡಿದರು. ಆದರೆ ಉಪನ್ಯಾಸವೊಂದರಿಂದ ಕಾವ್ಯ ಹುಟ್ಟದು. ತಾವು ಪಾಠ ಹೇಳುವ ಭಾಷೆಯ ಕವಿತೆಗಳನ್ನೇ ಕೈಗೆತ್ತಿಕೊಂಡು, ಆದಿಪ್ರಾಸದ ಕಟ್ಟನ್ನು ಸಡಿಲಿಸಿ, ಹೊಸ ಲಯಗಳನ್ನು ಪ್ರಯೋಗಿಸುತ್ತ ವರ್ಷಗಟ್ಟಲೆ ಅನುವಾದಿಸಿದರು. ಇದರ ಫಲ 1926ರಲ್ಲಿ ಪೂರ್ಣರೂಪದಲ್ಲಿ ಪ್ರಕಟವಾದ ‘ಇಂಗ್ಲಿಷ್ ಗೀತಗಳು’. ಬರೆಯಿರೆಂದು ಶಿಷ್ಯರಿಗೆ ಹೇಳುವ ಮೊದಲು ತಾವೇ ಬರೆದು ತೋರಿಸಿದ ಗುರು ಅವರು. ರನ್ನನ ಕಾವ್ಯದಿಂದ ‘ಗದಾಯುದ್ಧ ನಾಟಕ’ವನ್ನೂ ಗ್ರೀಕ್ ನಾಟಕಗಳ ದಾರಿಯಲ್ಲಿ ‘ಅಶ್ವತ್ಥಾಮನ್’, ‘ಪಾರಸಿಕರು’ ಕೃತಿಗಳನ್ನೂ ರಚಿಸಿದರು.

1927ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ.ಎ. ತರಗತಿ ಪ್ರಾರಂಭವಾದುದರ ಹಿಂದೆ ಅವರ ಶ್ರಮವಿತ್ತು. ಆಗ ಅವರು ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರರು. ಕಡತಗಳ ಭಾರದ ನಡುವೆಯೂ ಪಾಠ ಹೇಳುವುದನ್ನು ಬಿಡಲಿಲ್ಲ. ಕುವೆಂಪು, ಎಸ್.ವಿ. ರಂಗಣ್ಣ ಅವರ ಶಿಷ್ಯರು. ನಮ್ಮ ನೆರೆಯ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದ ತೀ.ನಂ. ಶ್ರೀಕಂಠಯ್ಯನವರೂ ಅವರ ಶಿಷ್ಯರೇ. ಒಬ್ಬರು ಕವಿ, ಒಬ್ಬರು ವಿಮರ್ಶಕರು, ಮತ್ತೊಬ್ಬರು ಕಾವ್ಯಮೀಮಾಂಸಕರು. ಮೂವರಲ್ಲಿ ಒಬ್ಬರೂ ಗುರುವಿನ ಪಡಿಯಚ್ಚಾಗಲಿಲ್ಲವೆಂಬುದು ಗಮನಾರ್ಹ.

ಕನ್ನಡ ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷರಾಗಿದ್ದಾಗ, ಕಾಲೇಜಿನ ಮೆಟ್ಟಿಲು ಹತ್ತದವರೂ ಕನ್ನಡವನ್ನು ಕ್ರಮವಾಗಿ ಓದಲೆಂದು ಕಾವ, ಜಾಣ, ರತ್ನ ಪರೀಕ್ಷೆಗಳಿಗೆ ಒತ್ತಾಸೆಯಾದರು.

1942ರಲ್ಲಿ ನಿವೃತ್ತಿಯಾಯಿತು. ವಿಶ್ರಾಂತಿ ಪಡೆಯಬೇಕಾದ 60ರ ವಯಸ್ಸಿನಲ್ಲಿ, 1944ರಲ್ಲಿ, ಧಾರವಾಡದಲ್ಲಿ ಕೆ.ಇ. ಬೋರ್ಡಿನವರು ಹೊಸದಾಗಿ ತೆರೆದ ಕಾಲೇಜಿಗೆ ಪ್ರಿನ್ಸಿಪಾಲರಾಗಿ ಹೋದರು. 1946ರ ಜನವರಿ 5ರಂದು, 62 ತುಂಬಿದ ಎರಡೇ ದಿನಕ್ಕೆ, ಆ ಊರಿನಲ್ಲಿಯೇ ತೀರಿಕೊಂಡರು.