ಭದ್ರಾಚಲ ರಾಮದಾಸರು



ರಾಮನವಮಿ ಅಂದರೆ ನಮಗೆಲ್ಲ ಪಾನಕ, ಕೋಸಂಬರಿ ನೆನಪಾಗುತ್ತದೆ. ಅದೇ ದಿನ ಗೋದಾವರಿ ನದಿಯ ದಡದ ಭದ್ರಾಚಲದಲ್ಲಿ ಸೀತಾರಾಮರ ಕಲ್ಯಾಣ ನಡೆಯುತ್ತದೆ. ಲಕ್ಷಗಟ್ಟಲೆ ಜನ ಸೇರುತ್ತಾರೆ. ಈ ಊರು ಈಗ ತೆಲಂಗಾಣ ರಾಜ್ಯದಲ್ಲಿದೆ. ಇಷ್ಟು ದೊಡ್ಡ ದೇವಸ್ಥಾನ ಮೊದಲು ಬರೀ ಒಂದು ಗುಡಿಸಲಾಗಿತ್ತು. ಅದನ್ನು ಕಟ್ಟಿ ಬೆಳೆಸಿದ ಭಕ್ತ ರಾಮದಾಸರ ಜೀವನ ಚರಿತ್ರೆಯನ್ನು ಇಲ್ಲಿ ಬರೆದಿದ್ದೇನೆ.

ರಾಮದಾಸರ ನಿಜವಾದ ಹೆಸರು ಕಂಚರ್ಲ ಗೋಪಣ್ಣ. ಅವರು 17ನೇ ಶತಮಾನದವರು. ಈಗಿನ ಖಮ್ಮಂ ಜಿಲ್ಲೆಯ ನೇಲಕೊಂಡಪಲ್ಲಿ ಎಂಬ ಹಳ್ಳಿಯಲ್ಲಿ ಹುಟ್ಟಿದರು. ತಂದೆ ಲಿಂಗಣ್ಣ, ತಾಯಿ ಕಾಮಾಂಬ. ಆಗ ಆ ಸೀಮೆಯನ್ನು ಗೋಲ್ಕೊಂಡದ ಸುಲ್ತಾನರು ಆಳುತ್ತಿದ್ದರು. 1672ರಲ್ಲಿ ಅಬುಲ್ ಹಸನ್ ಕುತುಬ್ ಷಾ ಸುಲ್ತಾನನಾದ. ಅವನನ್ನು ಜನ ತಾನೀಷಾ ಅಂತ ಕರೆಯುತ್ತಿದ್ದರು. ಅವನ ಆಸ್ಥಾನದಲ್ಲಿ ಅಕ್ಕಣ್ಣ, ಮಾದಣ್ಣ ಎಂಬ ಅಣ್ಣತಮ್ಮಂದಿರು ದೊಡ್ಡ ಅಧಿಕಾರದಲ್ಲಿದ್ದರು. ಇವರು ಗೋಪಣ್ಣನವರಿಗೆ ಸೋದರಮಾವಂದಿರು. ಅವರ ಸಹಾಯದಿಂದ ಗೋಪಣ್ಣನವರಿಗೆ ಪಾಲ್ವಂಚ ಸೀಮೆಯ ತಹಶೀಲ್ದಾರರ ಕೆಲಸ ಸಿಕ್ಕಿತು. ರೈತರಿಂದ ಕಂದಾಯ ವಸೂಲು ಮಾಡಿ ಗೋಲ್ಕೊಂಡಕ್ಕೆ ಕಳಿಸುವುದು ಅವರ ಕೆಲಸ. ಭದ್ರಾಚಲವೂ ಅದೇ ಸೀಮೆಗೆ ಸೇರಿತ್ತು.

ಗೋಪಣ್ಣನವರಿಗಿಂತ ಮುಂಚೆ ಆ ದೇವರನ್ನು ನೋಡಿಕೊಳ್ಳುತ್ತಿದ್ದವಳು ಪೋಕಲ ದಮ್ಮಕ್ಕ ಎಂಬ ಬಡ ಹೆಂಗಸು. ಅವಳು ಕಾಡಿನ ಜನರವಳು. ಹುತ್ತದೊಳಗೆ ರಾಮನ ಮೂರ್ತಿ ಇದೆ ಅಂತ ಅವಳಿಗೆ ಕನಸಾಯಿತಂತೆ. ಅವಳು ಗೋದಾವರಿಯಿಂದ ಕೊಡಗಟ್ಟಲೆ ನೀರು ಹೊತ್ತು ತಂದು ಹುತ್ತಕ್ಕೆ ಸುರಿದಳು. ಮಣ್ಣು ಕರಗಿ ಮೂರ್ತಿಗಳು ಕಾಣಿಸಿದವು. ಅವಳೇ ಒಂದು ಗುಡಿಸಲು ಹಾಕಿ, ತಾಳೆ ಹಣ್ಣನ್ನು ನೈವೇದ್ಯ ಮಾಡಿ ದಿನಾ ಪೂಜೆ ಮಾಡುತ್ತಿದ್ದಳು ಎಂದು ಹಿರಿಯರು ಹೇಳುತ್ತಾರೆ. ಅಲ್ಲಿಯ ರಾಮನಿಗೆ ನಾಲ್ಕು ಕೈಗಳು. ಶಂಖ ಚಕ್ರವೂ ಇವೆ. ಸೀತೆ ಅವನ ತೊಡೆಯ ಮೇಲೆ ಕುಳಿತಿದ್ದಾಳೆ.

ಗೋಪಣ್ಣನವರು ಈ ಗುಡಿಸಲನ್ನು ನೋಡಿದರು. ರಾಜ ಮಹಾರಾಜನಾದ ರಾಮ ಮಳೆಯಲ್ಲಿ ನೆನೆಯುವುದನ್ನು ನೋಡಿ ಅವರಿಗೆ ತುಂಬಾ ದುಃಖವಾಯಿತು. ಜನರ ಹತ್ತಿರ ಚಂದಾ ಎತ್ತಿದರು. ಅದು ಸಾಲಲಿಲ್ಲ. ಕೊನೆಗೆ ಕಂದಾಯದ ಹಣದಿಂದಲೇ ಗುಡಿ ಕಟ್ಟಿಸಲು ಶುರು ಮಾಡಿದರು. ಪ್ರಾಕಾರ ಎದ್ದಿತು, ಮಂಟಪ ಎದ್ದಿತು, ಗೋಪುರ ಎದ್ದಿತು. ದೇವರಿಗೆ ಒಡವೆಗಳನ್ನೂ ಮಾಡಿಸಿದರು. ಖರ್ಚಾದ ಹಣ ಆರು ಲಕ್ಷ ಅಂತ ಕಥೆಗಳಲ್ಲಿ ಬರುತ್ತದೆ.

ಆದರೆ ಅದು ಸರ್ಕಾರದ ದುಡ್ಡು. ಸುದ್ದಿ ತಾನೀಷಾನ ಕಿವಿಗೆ ಬಿತ್ತು. ಗೋಪಣ್ಣನವರನ್ನು ಗೋಲ್ಕೊಂಡದ ಕೋಟೆಗೆ ಎಳೆದುಕೊಂಡು ಹೋಗಿ ಸೆರೆಮನೆಗೆ ಹಾಕಿದರು. ಮಾವಂದಿರು ದೊಡ್ಡ ಅಧಿಕಾರದಲ್ಲಿದ್ದರೂ ಬಿಡಿಸಲು ಆಗಲಿಲ್ಲ. ಒಂದಲ್ಲ ಎರಡಲ್ಲ, 12 ವರ್ಷ ಅವರು ಅಲ್ಲೇ ಕಳೆದರಂತೆ. ಭಟರು ಚಾಟಿಯಿಂದ ಹೊಡೆಯುತ್ತಿದ್ದರು. ಆ ಕತ್ತಲೆ ಕೋಣೆ ಈಗಲೂ ಕೋಟೆಯಲ್ಲಿದೆ. ಗೋಡೆಯ ಮೇಲೆ ಅವರೇ ಕೆತ್ತಿದ ದೇವರ ಚಿತ್ರಗಳು ಅಂತ ಹೋದವರಿಗೆ ತೋರಿಸುತ್ತಾರೆ.

ಸೆರೆಮನೆಯಲ್ಲಿ ಅವರು ತೆಲುಗಿನಲ್ಲಿ ಕೀರ್ತನೆಗಳನ್ನು ಹಾಡಿದರು. ಒಂದು ಕೀರ್ತನೆ ಓದಿದರೆ ಲೆಕ್ಕದ ಪುಸ್ತಕ ಓದಿದ ಹಾಗಿದೆ. ಪ್ರಾಕಾರ ಕಟ್ಟಿಸಿದ್ದು, ಸೀತಮ್ಮನಿಗೆ ಪದಕ ಮಾಡಿಸಿದ್ದು, ಅದಕ್ಕೆ ಹತ್ತು ಸಾವಿರ ಮೊಹರು ಆಗಿದ್ದು, ಹೀಗೆ ಎಲ್ಲವನ್ನೂ ರಾಮನಿಗೇ ಒಪ್ಪಿಸುತ್ತಾರೆ. ಇದೆಲ್ಲ ಯಾರಪ್ಪನ ಮನೆಯ ಗಂಟು ಎಂಬಂತೆ ಸಿಟ್ಟಿನಿಂದ ರಾಮನನ್ನೇ ಬೈದು, ಆಮೇಲೆ ಏಟಿನ ನೋವು ತಾಳಲಾರದೆ ಬೈದೆ ಅಂತ ಕ್ಷಮೆಯನ್ನೂ ಕೇಳುತ್ತಾರೆ. ಇನ್ನೊಂದರಲ್ಲಿ ಸಮಯ ನೋಡಿ ರಾಮನಿಗೆ ನನ್ನ ವಿಷಯ ಹೇಳಮ್ಮ ಅಂತ ಸೀತಮ್ಮನನ್ನು ಬೇಡುತ್ತಾರೆ. ನಾವು ಅಪ್ಪನ ಹತ್ತಿರ ಕೇಳಲು ಹೆದರಿ ಅಮ್ಮನ ಕೈಲಿ ಹೇಳಿಸ್ತೀವಲ್ಲ, ಹಾಗೆ! ಇವಲ್ಲದೆ ದಾಶರಥಿ ಶತಕ ಎಂಬ ಪದ್ಯಗಳನ್ನೂ ಅವರು ಬರೆದಿದ್ದಾರೆ. ಮುಂದೆ ತ್ಯಾಗರಾಜರು ಕೂಡ ತಮ್ಮ ಕೃತಿಗಳಲ್ಲಿ ರಾಮದಾಸರನ್ನು ನೆನೆದರು.

ಅವರ ಬಿಡುಗಡೆಯ ಕಥೆ ಎಲ್ಲರಿಗೂ ಗೊತ್ತು. ಒಂದು ರಾತ್ರಿ ಇಬ್ಬರು ಯುವಕರು ತಾನೀಷಾನ ಅರಮನೆಗೆ ಬಂದು, ಬಾಕಿ ಹಣವನ್ನೆಲ್ಲ ನಾಣ್ಯದಲ್ಲಿ ಸುರಿದು, ರಶೀದಿ ಪಡೆದು ಹೋದರಂತೆ. ಬೆಳಿಗ್ಗೆ ನೋಡಿದರೆ ಅವರು ರಾಮ ಲಕ್ಷ್ಮಣರೇ ಅಂತ ಸುಲ್ತಾನನಿಗೆ ತಿಳಿಯಿತಂತೆ. ಅವನು ರಾಮದಾಸರನ್ನು ಬಿಡುಗಡೆ ಮಾಡಿ ಕ್ಷಮೆ ಕೇಳಿದ. ಅಷ್ಟೇ ಅಲ್ಲ, ಕಲ್ಯಾಣದ ಅಕ್ಷತೆಗೆ ಮುತ್ತುಗಳನ್ನು ಕಳಿಸುವ ಪದ್ಧತಿ ಅವನಿಂದಲೇ ಶುರುವಾಯಿತು ಎನ್ನುತ್ತಾರೆ. 1687ರಲ್ಲಿ ಔರಂಗಜೇಬ ಗೋಲ್ಕೊಂಡವನ್ನು ಗೆದ್ದು ತಾನೀಷಾನನ್ನೇ ಸೆರೆ ಹಿಡಿದ. ಆ ರಾಜ್ಯ ಹೋಯಿತು, ಆದರೆ ಪದ್ಧತಿ ಉಳಿಯಿತು. ಈಗಲೂ ರಾಮನವಮಿಗೆ ಸರ್ಕಾರದಿಂದ ರೇಷ್ಮೆ ಬಟ್ಟೆ, ಮುತ್ತು ಹೋಗುತ್ತವೆ. ಮುಸ್ಲಿಂ ಸುಲ್ತಾನ ಹಾಕಿಕೊಟ್ಟ ಪದ್ಧತಿ ಹಿಂದೂ ದೇವಸ್ಥಾನದಲ್ಲಿ ಇಂದಿಗೂ ನಡೆಯುತ್ತಿದೆ ಅನ್ನುವುದು ಎಷ್ಟು ಒಳ್ಳೆಯ ವಿಷಯ ಅಲ್ಲವೇ?

ರಾಮದಾಸರು ಮಾಡಿದ್ದು ಸರಿಯೋ ತಪ್ಪೋ? ಹಣ ಬೆವರು ಸುರಿಸಿದ ರೈತರದು. ಅದನ್ನು ಕೇಳದೆ ಖರ್ಚು ಮಾಡಿದ್ದು ತಪ್ಪೇ ಅಂತ ನನಗೆ ಅನ್ನಿಸುತ್ತದೆ. ಆದರೆ ಕಥೆಯಲ್ಲಿ ರಾಮನೂ ಆ ಸಾಲವನ್ನು ಮನ್ನಾ ಮಾಡಿಸಲಿಲ್ಲ ನೋಡಿ, ಪೂರ್ತಿ ತೀರಿಸಿ ರಶೀದಿ ತಗೊಂಡ. ರಾಮದಾಸರೂ ಒಂದು ಕಾಸನ್ನೂ ತಮ್ಮ ಮನೆಗೆ ಒಯ್ಯಲಿಲ್ಲ. ಖರ್ಚನ್ನು ಮುಚ್ಚಿಡದೆ ಹಾಡಿನಲ್ಲೇ ಲೆಕ್ಕ ಹೇಳಿದರು, ಶಿಕ್ಷೆಯನ್ನೂ ಅನುಭವಿಸಿದರು. ಅದಕ್ಕೇ ಜನ ಅವರನ್ನು ಮರೆತಿಲ್ಲ.

ಗೆಳೆಯರೇ, ಊರಿನ ಗುಡಿಯಾಗಲಿ ನಮ್ಮ ಶಾಲೆಯಾಗಲಿ ಯಾರೋ ಒಬ್ಬರು ನೋಡಿಕೊಂಡರೆ ಮಾತ್ರ ಉಳಿಯುತ್ತದೆ. ಗೋಪುರ ಕಟ್ಟಿಸಿದ ರಾಮದಾಸರನ್ನು ನೆನೆಯುವಾಗ ಕೊಡದಲ್ಲಿ ನೀರು ಹೊತ್ತ ದಮ್ಮಕ್ಕನನ್ನೂ ನೆನೆಯೋಣ.

— 7ನೇ ತರಗತಿ ವಿದ್ಯಾರ್ಥಿನಿ